ಗುಮ್ಮಟ ನೋಡಿದ್ದು ಸಾಕು, ತಂತಿ ನೋಡಿ



2022ರ ನವೆಂಬರ್ 27, ಭಾನುವಾರ ಸಂಜೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಗೇದರ್ಸ್‌ಬರ್ಗ್ ಎಂಬ ಊರಿನ ಮೇಲೆ ಮಂಜು ಕವಿದಿತ್ತು. ನ್ಯೂಯಾರ್ಕ್ ಕಡೆಯಿಂದ ಬಂದ ಒಂದು ಪುಟ್ಟ ವಿಮಾನ ಅಲ್ಲಿನ ಸಣ್ಣ ವಿಮಾನನಿಲ್ದಾಣದಲ್ಲಿ ಇಳಿಯಬೇಕಿತ್ತು. ಒಂದೇ ಎಂಜಿನ್ನಿನ ಮೂನಿ ವಿಮಾನ. ತೂಕ ಹೆಚ್ಚು ಕಮ್ಮಿ ನಮ್ಮ ಬೀದಿಯಲ್ಲಿ ನಿಲ್ಲುವ ಒಂದು ಕಾರಿನಷ್ಟು. ಒಳಗಿದ್ದವರು ಇಬ್ಬರೇ. ಇಳಿಯುವಾಗ ಇರಬೇಕಾದ ಎತ್ತರಕ್ಕಿಂತ ಕೆಳಗೆ ಬಂದ ಆ ವಿಮಾನ ಹೈಟೆನ್ಷನ್ ತಂತಿ ಹೊತ್ತ ಉಕ್ಕಿನ ಗೋಪುರಕ್ಕೆ ನುಗ್ಗಿತು. ನೆಲದಿಂದ ಸುಮಾರು 100 ಅಡಿ ಮೇಲೆ, ಮರಕ್ಕೆ ಸಿಕ್ಕಿದ ಗಾಳಿಪಟದ ಹಾಗೆ ಅಲ್ಲೇ ನೇತಾಡಿತು.

ಪುಣ್ಯಕ್ಕೆ ಇಬ್ಬರೂ ಬದುಕಿದ್ದರು. ಆದರೆ ಅವರನ್ನು ಕೆಳಗಿಳಿಸಲು ಸುಮಾರು ಏಳು ಗಂಟೆ ಹಿಡಿಯಿತು. ಏಣಿ ಇರಲಿಲ್ಲವೇ? ಇತ್ತು. ಕ್ರೇನು ಇರಲಿಲ್ಲವೇ? ಅದೂ ಬಂತು. ಆದರೆ ತಂತಿಯಲ್ಲಿ ಕರೆಂಟು ನಿಲ್ಲಿಸಿ, ಅದನ್ನು ಭೂಮಿಗೆ ಜೋಡಿಸಿ, ಉಳಿದ ವಿದ್ಯುತ್ತೂ ಹರಿದುಹೋಗಿದೆ ಎಂದು ಖಾತ್ರಿಯಾಗುವ ತನಕ ಯಾರೂ ಹತ್ತಿರ ಹೋಗುವ ಹಾಗಿರಲಿಲ್ಲ. ಅಷ್ಟು ಹೊತ್ತಿಗೆ ಸುಮಾರು 1,20,000 ಗ್ರಾಹಕರ ದೀಪ ಆರಿಹೋಗಿತ್ತು. ಮರುದಿನ ಆ ಕೌಂಟಿಯ ಸರ್ಕಾರಿ ಶಾಲೆಗಳಿಗೆಲ್ಲ ರಜೆ. ಕಾರಿನಷ್ಟು ತೂಕದ ಒಂದು ಯಂತ್ರ, ಒಂದು ಕಂಬ, ಅಷ್ಟೇ!

ಇದು ದೊಡ್ಡವರ ದೇಶದ ಕತೆ ಎಂದು ಪುಟ ಮಗುಚಬೇಡಿ. 2023ರ ಜನವರಿಯಲ್ಲಿ ಮಧ್ಯಪ್ರದೇಶದ ರೇವಾದ ಬಳಿ ಮಂಜಿನಲ್ಲಿ ಒಂದು ತರಬೇತಿ ವಿಮಾನ ದೇವಸ್ಥಾನದ ಶಿಖರಕ್ಕೂ ವಿದ್ಯುತ್ ತಂತಿಗೂ ತಗುಲಿ ಬಿತ್ತು. ಪೈಲಟ್ ಸತ್ತರು. ಆಕಾಶದಿಂದ ನೋಡುವವನಿಗೆ ಕಂಬ ಕಂಡರೂ ತಂತಿ ಕಾಣುವುದಿಲ್ಲ. ಅದಕ್ಕೇ ವಿಮಾನ ಹಾರುವ ಕಡೆ ತಂತಿಗೆ ಕಿತ್ತಳೆ ಬಣ್ಣದ ಗೋಲಗಳನ್ನು ಕಟ್ಟುತ್ತಾರೆ. ಮಂಜು ಬಿದ್ದ ದಿನ ಆ ಗೋಲವೂ ಕಾಣುವುದಿಲ್ಲ.

ಈಗ ನಿಮಗೊಂದು ಪ್ರಶ್ನೆ. ಗೇದರ್ಸ್‌ಬರ್ಗಿನ ಆ ಕಂಬ ಒಂದು ಅಣುಸ್ಥಾವರದಿಂದ ಹೊರಟ ಕಂಬವಾಗಿದ್ದರೆ?

ಗುಮ್ಮಟದ ಗುಂಗು

ಈ ಪ್ರಶ್ನೆ ಕೇಳಿದ ಕೂಡಲೇ ಎರಡು ಬಗೆಯ ಜನ ಎದ್ದು ನಿಲ್ಲುತ್ತಾರೆ. ಮೊದಲನೆಯವರು 'ಅಯ್ಯೋ, ಬಾಂಬಿನ ಹಾಗೆ ಸಿಡಿಯುತ್ತದೆ' ಎನ್ನುವವರು. ಇವರಿಗೆ ಸಿನಿಮಾ ಜಾಸ್ತಿಯಾಗಿದೆ. ಅಣುಸ್ಥಾವರದ ಇಂಧನ ಅಣುಬಾಂಬಿನ ಹಾಗೆ ಸಿಡಿಯುವ ಸರಕಲ್ಲ. ಎರಡನೆಯವರು ಸರ್ಕಾರಿ ಗತ್ತಿನವರು. 'ನಮ್ಮ ಗುಮ್ಮಟ ನೋಡಿದ್ದೀರಾ? ಸಣ್ಣ ವಿಮಾನ ಬಡಿದರೆ ವಿಮಾನವೇ ಪುಡಿಪುಡಿ' ಎನ್ನುತ್ತಾರೆ.

ಎರಡನೆಯವರ ಮಾತಿನಲ್ಲಿ ಸತ್ಯವಿದೆ, ಒಪ್ಪೋಣ. 1988ರಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಒಂದು ಫ್ಯಾಂಟಮ್ ಯುದ್ಧವಿಮಾನವನ್ನು ಗಂಟೆಗೆ ಸುಮಾರು 770 ಕಿಲೋಮೀಟರ್ ವೇಗದಲ್ಲಿ ಹನ್ನೆರಡು ಅಡಿ ದಪ್ಪದ ಕಾಂಕ್ರೀಟ್ ಗೋಡೆಗೆ ಬಡಿಸಿದರು. ವಿಮಾನ ಚೂರುಚೂರಾಯಿತು. ಗೋಡೆಯಲ್ಲಿ ಬಿದ್ದ ಗುಂಡಿಯ ಆಳ ಕೆಲವೇ ಸೆಂಟಿಮೀಟರ್. ಅದು ಪೆಟ್ಟಿನ ಬಲ ಅಳೆಯುವ ಪರೀಕ್ಷೆಯೇ ಹೊರತು ಗುಮ್ಮಟದ ಪರೀಕ್ಷೆಯಲ್ಲ, ನಿಜ. ಆದರೂ ಎರಡು ಆಸನದ ಪುಟ್ಟ ವಿಮಾನವೊಂದು ರಿಯಾಕ್ಟರಿನ ಗುಮ್ಮಟ ಸೀಳಿ ಒಳಗೆ ಹೋಗುತ್ತದೆ ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಕಿಲ್ಲ.

ಹಾಗಾದರೆ ಚಿಂತೆ ಯಾಕೆ? ಯಾಕೆಂದರೆ ಈ ಇಬ್ಬರೂ ಗುಮ್ಮಟವನ್ನೇ ನೋಡುತ್ತಿದ್ದಾರೆ. ಒಬ್ಬ ಅದನ್ನು ತೋರಿಸಿ ಹೆದರಿಸುತ್ತಾನೆ, ಇನ್ನೊಬ್ಬ ಅದನ್ನೇ ತೋರಿಸಿ ಬೆನ್ನು ತಟ್ಟುತ್ತಾನೆ. ಗುಮ್ಮಟದ ಪಕ್ಕದಲ್ಲಿ ಬೇಲಿ ದಾಟಿ, ಗುಡ್ಡ ಹತ್ತಿ, ಕಾಡು ಸೀಳಿಕೊಂಡು ಹೋಗುವ ತಂತಿಯನ್ನು ಇಬ್ಬರೂ ನೋಡುವುದಿಲ್ಲ. ಆ ತಂತಿಗೆ ಕಾವಲುಗಾರನಿಲ್ಲ, ಹನ್ನೆರಡು ಅಡಿ ಗೋಡೆಯೂ ಇಲ್ಲ.

ಕರೆಂಟು ಮಾಡುವವನಿಗೇ ಕರೆಂಟು ಬೇಕು

ನಮ್ಮ ಕಾಲೇಜು ಹುಡುಗರನ್ನು ಕೇಳಿ ನೋಡಿ: ಅಣುಸ್ಥಾವರದಿಂದ ಹೊರಟ ತಂತಿಯ ಕೆಲಸವೇನು? 'ಕರೆಂಟು ಹೊರಗೆ ಕಳಿಸುವುದು' ಎನ್ನುತ್ತಾರೆ. ಅದು ಅರ್ಧ ಉತ್ತರ. ಸ್ಥಾವರ ನಿಂತಾಗ ಅದೇ ಗ್ರಿಡ್ಡಿನಿಂದ ಕರೆಂಟು ಒಳಗೂ ಬರಬೇಕು!

ಸೌದೆ ಒಲೆಯನ್ನೇ ನೆನೆಯಿರಿ. ಉರಿ ನಂದಿಸಿದ ಮೇಲೂ ಕೆಂಡ ಬಹಳ ಹೊತ್ತು ಕಾಯುತ್ತಿರುತ್ತದೆ. ರಿಯಾಕ್ಟರೂ ಹಾಗೆಯೇ. ಗುಂಡಿ ಒತ್ತಿ ಅಣುವಿದಳನ ಕ್ರಿಯೆ ನಿಲ್ಲಿಸಿದ ಕ್ಷಣದಲ್ಲೂ ಅದರ ಪೂರ್ಣ ಶಾಖದ ಶೇಕಡಾ 6-7ರಷ್ಟು ಹುಟ್ಟುತ್ತಲೇ ಇರುತ್ತದೆ. ಗಂಟೆ ಕಳೆದರೆ ಶೇಕಡಾ ಒಂದು-ಒಂದೂವರೆ, ದಿನ ಕಳೆದರೆ ಇನ್ನೂ ಕಡಿಮೆ. ಸಣ್ಣ ಸಂಖ್ಯೆ ಅನ್ನಿಸಿತೇ? 220 ಮೆಗಾವ್ಯಾಟ್ ವಿದ್ಯುತ್ ಕೊಡುವ ರಿಯಾಕ್ಟರಿನೊಳಗೆ ಹುಟ್ಟುವ ಶಾಖ ಸುಮಾರು 750 ಮೆಗಾವ್ಯಾಟ್. ಅದರ ಶೇಕಡಾ ಆರು ಅಂದರೆ 45 ಮೆಗಾವ್ಯಾಟ್. 45 ಸಾವಿರ ಕಿಲೋವ್ಯಾಟಿನ ಕೆಂಡ! ಅದನ್ನು ಬಿಡದೆ ತಣಿಸುತ್ತಿರಬೇಕು. ತಣಿಸಲು ನೀರು ಬೇಕು, ನೀರು ತಳ್ಳಲು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಸ್ಥಾವರವೇ ನಿಂತಿರುವಾಗ ಆ ಕರೆಂಟು ಎಲ್ಲಿಂದ? ಹೊರಗಿನ ತಂತಿಯಿಂದ. ತಂತಿ ಹೋದರೆ ಡೀಸೆಲ್ ಜನರೇಟರ್. ಅದೂ ಕೈಕೊಟ್ಟರೆ ಬ್ಯಾಟರಿ. ಬ್ಯಾಟರಿ ಮುಗಿದರೆ?

ಈ 'ಮುಗಿದರೆ' ಎಂಬ ಪ್ರಶ್ನೆಯ ಸುತ್ತಲೇ ಅಣುಸ್ಥಾವರಗಳ ಇತಿಹಾಸದ ದೊಡ್ಡ ಅಧ್ಯಾಯಗಳಿವೆ.

ಚೆರ್ನೋಬಿಲ್ ಹೆಸರು ನಿಮಗೆಲ್ಲ ಗೊತ್ತು. 1986ರ ಏಪ್ರಿಲ್ 26ರ ರಾತ್ರಿ ಅಲ್ಲಿ ನಡೆಯುತ್ತಿದ್ದದ್ದು ಏನು ಗೊತ್ತೇ? ಹೊರಗಿನ ಕರೆಂಟು ಹೋದರೆ, ಡೀಸೆಲ್ ಜನರೇಟರ್ ಪೂರ್ತಿ ಎದ್ದು ನಿಲ್ಲುವ ತನಕ, ಸುಮಾರು ಒಂದು ನಿಮಿಷದ ಆ ಸಂದಿಯಲ್ಲಿ, ನಿಲ್ಲುತ್ತಿರುವ ಟರ್ಬೈನಿನ ತಿರುಗಾಟದಿಂದಲೇ ಪಂಪು ಓಡಿಸಬಹುದೇ ಎಂಬ ಪರೀಕ್ಷೆ. ರಿಯಾಕ್ಟರ್ ಸ್ಫೋಟಿಸಿದ್ದು ಅದರ ವಿನ್ಯಾಸದ ದೋಷದಿಂದ, ನಡೆಸಿದವರು ನಿಯಮ ಮೀರಿದ್ದರಿಂದ. ಆದರೆ ಆ ರಾತ್ರಿ ಪರೀಕ್ಷೆಗೆ ಕೂತ ಕಾರಣ 'ತಂತಿ ಹೋದರೆ ಏನು ಗತಿ' ಎಂಬ ಭಯವೇ.

ಅಲ್ಲೇ ಆರು ತಿಂಗಳೊಳಗೆ ಇನ್ನೊಂದು ದುರಂತ. ಅಕ್ಟೋಬರ್ 2ರಂದು ಒಡೆದ ರಿಯಾಕ್ಟರಿನ ಪಕ್ಕದಲ್ಲಿ ಹಾರುತ್ತಿದ್ದ ಒಂದು ಎಂಐ-8 ಹೆಲಿಕಾಪ್ಟರಿನ ರೆಕ್ಕೆ ಕ್ರೇನಿನ ಉಕ್ಕಿನ ಹಗ್ಗಕ್ಕೆ ತಗುಲಿತು. ನಾಲ್ವರೂ ಸತ್ತರು. ಅದು ಬೀಳುವ ಚಿತ್ರ ಕ್ಯಾಮರಾದಲ್ಲಿ ಸೆರೆಯಾಗಿದೆ. ವಿಕಿರಣದ ಹೊಗೆ ತಾಗಿ ಉದುರಿತು ಎಂದು ಈಗಲೂ ಹೇಳುವವರಿದ್ದಾರೆ. ಹಾಗೇನಿಲ್ಲ. ಕಣ್ಣಿಗೆ ಕಾಣದ ಹಗ್ಗಕ್ಕೆ ತಗುಲಿ ಬಿತ್ತು. ಜನ ಕಾಣದ ಕಿರಣಕ್ಕೆ ಹೆದರುತ್ತಾರೆ, ಹಗ್ಗ-ತಂತಿಗಳನ್ನು ಮರೆಯುತ್ತಾರೆ.

ನರೋರಾ: ನಮ್ಮದೇ ಪಾಠ, ನಾವೇ ಓದಿಲ್ಲ

ಚೆರ್ನೋಬಿಲ್ ಗೊತ್ತಿರುವ ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ನರೋರಾ ಗೊತ್ತು? ಉತ್ತರ ಪ್ರದೇಶದಲ್ಲಿ ಗಂಗೆಯ ದಡದ ಸ್ಥಾವರ ಅದು. ಕೈಗಾದ ರಿಯಾಕ್ಟರುಗಳದೇ ಜಾತಿ, ಅದೇ ಭಾರಜಲದ ತಂತ್ರ, ಅದೇ 220 ಮೆಗಾವ್ಯಾಟಿನ ಅಳತೆ. ಕೈಗಾದ ಅಣ್ಣ ಅನ್ನಿ.

1993ರ ಮಾರ್ಚ್ 31ರ ನಸುಕಿನಲ್ಲಿ ನರೋರಾದ ಒಂದನೇ ಘಟಕದ ಟರ್ಬೈನಿನ ಬ್ಲೇಡು ಮುರಿಯಿತು. ಜನರೇಟರನ್ನು ತಣಿಸುವ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಬೆಂಕಿ ಕೇಬಲ್ಲುಗಳನ್ನು ಹಿಡಿದುಕೊಂಡು ಓಡಿತು. ಇಲ್ಲಿ ಗಮನಿಸಿ: ಹೊರಗಿನ ಗ್ರಿಡ್ ಇತ್ತು, ಡೀಸೆಲ್ ಜನರೇಟರುಗಳೂ ಇದ್ದವು. ಆದರೆ ಕರೆಂಟು ಒಳಗೆ ತರುವ ಕೇಬಲ್ಲುಗಳೇ ಸುಟ್ಟುಹೋದವು. ಮನೆ ತುಂಬ ಅಕ್ಕಿ ಇದ್ದು ಒಲೆಗೆ ಹೋಗುವ ಬಾಗಿಲು ಮುಚ್ಚಿದ ಹಾಗೆ. ಸುಮಾರು 17 ಗಂಟೆ ಆ ಘಟಕಕ್ಕೆ ಕರೆಂಟೇ ಇಲ್ಲ. ಹೊಗೆ ತುಂಬಿ ನಿಯಂತ್ರಣ ಕೊಠಡಿಯನ್ನೇ ಬಿಟ್ಟು ಹೊರಬರಬೇಕಾಯಿತು.

ಆಗ ಉಳಿಸಿದ್ದು ಯಾರು? ಗುಮ್ಮಟವೇ? ಅಲ್ಲ ಸ್ವಾಮಿ! ಟಾರ್ಚು ಹಿಡಿದು ಕತ್ತಲಲ್ಲಿ ಮೇಲೆ ಹತ್ತಿದ ಕೆಲಸಗಾರರು. ರಿಯಾಕ್ಟರ್ ಮತ್ತೆ ಹೊತ್ತಿಕೊಳ್ಳದ ಹಾಗೆ ಬೋರಾನ್ ದ್ರಾವಣವನ್ನು ಕೈಯಿಂದಲೇ ಬಿಟ್ಟರು. ಬೆಂಕಿ ನಂದಿಸಲು ಇಟ್ಟಿದ್ದ ಡೀಸೆಲ್ ಪಂಪಿನ ನೀರನ್ನು ಉಗಿ ಉತ್ಪಾದಕಗಳಿಗೆ ತಿರುಗಿಸಿದರು. ಬಿಸಿ ನೀರು ಮೇಲೇರಿ ತಣ್ಣನೆಯದು ಕೆಳಗಿಳಿಯುವ ಸಹಜ ಚಲನೆ ಉಳಿದ ಕೆಲಸ ಮಾಡಿತು. ವಿಕಿರಣ ಹೊರಬೀಳಲಿಲ್ಲ. ಆ ಕೆಲಸಗಾರರ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲಾದರೂ ಓದಿದ ನೆನಪಿದೆಯೇ? ಬೇರೆಯವರ ದುರಂತಕ್ಕೆ ಧಾರಾವಾಹಿ ನೋಡಿ ಕಣ್ಣೀರು ಹಾಕುತ್ತೇವೆ, ನಮ್ಮವರು ತಪ್ಪಿಸಿದ ದುರಂತಕ್ಕೆ ಒಂದು ಪುಟವೂ ಇಲ್ಲ.

ಎಲ್ಲ ಕಡೆ ಹಾಗೆ ಅದೃಷ್ಟ ಇರುವುದಿಲ್ಲ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪಕ್ಕೆ ಹೊರಗಿನ ವಿದ್ಯುತ್ ಸಂಪರ್ಕವೆಲ್ಲ ಕಡಿಯಿತು. ಒಂದು ಕಡೆಯಂತೂ ಪಕ್ಕದ ಮಣ್ಣಿನ ದಿಬ್ಬ ಕುಸಿದು ವಿದ್ಯುತ್ ಗೋಪುರವೇ ಉರುಳಿತು. ಡೀಸೆಲ್ ಜನರೇಟರುಗಳು ಎದ್ದವು. ಒಂದು ಗಂಟೆ ತುಂಬುವುದರೊಳಗೆ ಸುನಾಮಿ ಬಂದು ಅವುಗಳನ್ನೂ ಮುಳುಗಿಸಿತು. ಮೂರು ರಿಯಾಕ್ಟರುಗಳ ಒಡಲು ಕರಗಿತು. ಆದರೆ ಐದು ಮತ್ತು ಆರನೇ ಘಟಕಗಳು ಉಳಿದವು. ಯಾಕೆ? ಆರನೇ ಘಟಕದಲ್ಲಿ ನೀರಿನ ಹಂಗಿಲ್ಲದೆ ಗಾಳಿಯಿಂದಲೇ ತಣಿಯುವ ಒಂದು ಡೀಸೆಲ್ ಜನರೇಟರ್ ಬದುಕಿಕೊಂಡಿತು. ಒಂದೇ ಒಂದು! ಎರಡು ರಿಯಾಕ್ಟರುಗಳ ಹಣೆಬರಹ ಅದರ ಮೇಲೆ ನಿಂತಿತ್ತು.

ಸ್ವೀಡನ್ನಿನ ಫೋರ್ಸ್‌ಮಾರ್ಕಿನಲ್ಲಿ 2006ರ ಜುಲೈ 25ರಂದು ಬಿಸಿಲಿನ ಮಧ್ಯಾಹ್ನ, ಯುದ್ಧವಿಲ್ಲ, ಭೂಕಂಪವಿಲ್ಲ. ಹೊರಗಿನ 400 ಕಿಲೋವೋಲ್ಟ್ ಅಂಗಳದಲ್ಲಿ ರಿಪೇರಿ ಕೆಲಸದ ವೇಳೆ ಒಂದು ಶಾರ್ಟ್ ಸರ್ಕ್ಯೂಟ್. ನಾಲ್ಕು ಜನರೇಟರುಗಳಲ್ಲಿ ಎರಡು ತಾವಾಗಿ ಕೆಲಸಕ್ಕೆ ಬರಲಿಲ್ಲ. ಎಲ್ಲವೂ ಹತೋಟಿಗೆ ಬರಲು 20 ನಿಮಿಷಕ್ಕೂ ಮಿಕ್ಕಿ ಹಿಡಿಯಿತು. ಉಕ್ರೇನಿನ ಝಪೊರಿಝಿಯಾ ಸ್ಥಾವರವಂತೂ 2022ರ ಯುದ್ಧದ ಮೇಲೆ ಹೊರಗಿನ ಕರೆಂಟನ್ನು ಮತ್ತೆ ಮತ್ತೆ ಕಳೆದುಕೊಂಡಿದೆ. 2025ರ ಸೆಪ್ಟೆಂಬರಿನಲ್ಲಿ ಹೋದ ಕರೆಂಟು ಬರಲು ಒಂದು ತಿಂಗಳಾಯಿತು. ಆರು ರಿಯಾಕ್ಟರುಗಳ ಆ ಸ್ಥಾವರ ಅಷ್ಟು ದಿನವೂ ಡೀಸೆಲ್ಲಿನ ಮೇಲೆ ಉಸಿರಾಡಿತು. ರಿಯಾಕ್ಟರುಗಳು ಬಹಳ ಹಿಂದೆಯೇ ನಿಂತು ತಣ್ಣಗಾಗಿದ್ದವು, ಅದರಿಂದ ಬಚಾವು.

ಇಷ್ಟರಲ್ಲಿ ಎಲ್ಲಾದರೂ ವಿಮಾನ ಬಡಿದು ಗುಮ್ಮಟ ಒಡೆದದ್ದುಂಟೇ? ಒಂದೂ ಇಲ್ಲ. ಎಲ್ಲ ಕಡೆಯೂ ಕರೆಂಟಿನದೇ ಕತೆ.

ಕೈಗಾ ಎಷ್ಟು ದೂರ?

ಬೆಂಗಳೂರಿನ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ, ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಮೊಬೈಲು ಚಾರ್ಜಿಗಿಟ್ಟು ಇದನ್ನು ಓದುತ್ತಿರುವ ನಿಮಗೆ ಕೈಗಾ ಎಷ್ಟು ದೂರ? ಗೋಡೆಯ ಪ್ಲಗ್ಗಿನಷ್ಟು ದೂರ. ಕಾರವಾರ ತಾಲ್ಲೂಕಿನ ಕಾಳಿ ನದಿಯ ದಡದಲ್ಲಿ ನಾಲ್ಕು ರಿಯಾಕ್ಟರುಗಳಿವೆ, ಒಟ್ಟು 880 ಮೆಗಾವ್ಯಾಟ್. ತಣಿಸುವ ನೀರು ಕದ್ರಾ ಜಲಾಶಯದ್ದು. ಕರೆಂಟು ಹೊತ್ತ 400 ಕಿಲೋವೋಲ್ಟ್ ಮಾರ್ಗಗಳು ಘಟ್ಟ ಹತ್ತಿ ಧಾರವಾಡದ ಬಳಿಯ ನರೇಂದ್ರದ ಕಡೆಗೂ ಶಿರಸಿಯ ಕಡೆಗೂ ಹೋಗುತ್ತವೆ. ತಲಾ 700 ಮೆಗಾವ್ಯಾಟಿನ ಇನ್ನೆರಡು ರಿಯಾಕ್ಟರುಗಳಿಗೆ 2017ರಲ್ಲೇ ಕೇಂದ್ರ ಒಪ್ಪಿಗೆ ಕೊಟ್ಟಿದೆ.

ಕೈಗಾದ ಬಗ್ಗೆ ನಮ್ಮ ಹಿರಿಯರು ಸುಮ್ಮನಿರಲಿಲ್ಲ. ಶಿವರಾಮ ಕಾರಂತರು 1989ರಲ್ಲಿ, ಆ ಇಳಿವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೇ ನಿಂತರು. ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು, ಕಾರ್ಮಿಕರಿಗೆ ಗಾಯವಾಯಿತು. ಇಂಧನ ಇನ್ನೂ ತುಂಬಿರಲಿಲ್ಲ, ಬದುಕಿದೆವು. ಆಗ ನಾಡೆಲ್ಲ ಗುಮ್ಮಟದ ಮಾತೇ. ಗುಮ್ಮಟವನ್ನು ಮತ್ತೆ ಕಟ್ಟಿದರು, ಗಟ್ಟಿಯಾಗಿಯೇ ಕಟ್ಟಿದರು. ಕೈಗಾದ ಒಂದನೇ ಘಟಕ 2018ರ ಕೊನೆಯ ದಿನದ ತನಕ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಅಲ್ಲಿ ದುಡಿಯುವವರಿಗೆ ಕೈಮುಗಿಯೋಣ, ಹೆಮ್ಮೆಪಡೋಣ.

ಆದರೆ 962 ದಿನ ಓಡಿದ ಯಂತ್ರ ನಿಂತ ದಿನ ಏನಾಗುತ್ತದೆ ಎಂಬ ಪ್ರಶ್ನೆಗೆ ಆ ದಾಖಲೆ ಉತ್ತರವಲ್ಲ.

2024ರ ಜುಲೈ 16ನ್ನು ಮರೆತಿಲ್ಲ ತಾನೇ? ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿಗೆ ಇಳಿಯಿತು. ಚಹಾ ಅಂಗಡಿ, ಲಾರಿ, ಮನುಷ್ಯರು, ಎಲ್ಲ ಮಣ್ಣಿನ ಕೆಳಗೆ, ನೀರಿನ ಕೆಳಗೆ. ಅದೇ ಜಿಲ್ಲೆ, ಅದೇ ಮಳೆ, ಅದೇ ಮಣ್ಣು. ಕೈಗಾದ ತಂತಿ ಹೊತ್ತ ಗೋಪುರಗಳೂ ಇದೇ ಘಟ್ಟದ ಇಳಿಜಾರಿನಲ್ಲಿ ನಿಂತಿವೆ. ಫುಕುಶಿಮಾದಲ್ಲಿ ಗೋಪುರ ಉರುಳಿಸಿದ್ದೂ ಕುಸಿದ ಮಣ್ಣೇ. ಇಲ್ಲಿ ವಿಮಾನವೇ ಬೇಕಿಲ್ಲ, ಒಂದು ಜೋರು ಮಳೆಗಾಲ ಸಾಕು.

ವಿಮಾನದ ಮಾತೂ ಇದೆ. ಅಂಕೋಲಾದ ಅಲಗೇರಿ ಭಾಗದಲ್ಲಿ ನೌಕಾಪಡೆಯ ವಿಮಾನನಿಲ್ದಾಣದ ಜೊತೆಗೆ ನಾಗರಿಕ ವಿಮಾನಗಳಿಗೂ ಜಾಗ ಮಾಡುವ ಯೋಜನೆ ವರ್ಷಗಳಿಂದ ನಡೆದಿದೆ. ಬರಲಿ, ಆ ಜಿಲ್ಲೆಯ ಜನಕ್ಕೂ ವಿಮಾನ ಬೇಕು. ಆದರೆ ಇಲ್ಲಿಯತನಕ ಹದ್ದು ಮಾತ್ರ ಹಾರುತ್ತಿದ್ದ ಆಕಾಶದಲ್ಲಿ ನಾಳೆ ವಿಮಾನ ಹೆಚ್ಚುತ್ತವೆ. ಘಟ್ಟದ ಮಂಜು ಗೇದರ್ಸ್‌ಬರ್ಗಿನ ಮಂಜಿಗಿಂತ ತೆಳುವಲ್ಲ. ವಿಮಾನದ ದಾರಿ ಮತ್ತು ತಂತಿಯ ದಾರಿಯನ್ನು ಒಂದೇ ನಕ್ಷೆಯ ಮೇಲಿಟ್ಟು ನೋಡುವ ಕೆಲಸ ಅಪಘಾತವಾದ ಮೇಲೆ ಅಲ್ಲ, ಈಗಲೇ ಆಗಬೇಕು.

ಇನ್ನು ಗ್ರಿಡ್ಡು. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಭಾರತ ಕತ್ತಲಾಯಿತು. ಕೋಟಿಗಟ್ಟಲೆ ಜನ ಕತ್ತಲಲ್ಲಿ ಕೂತರು. ನಮಗೆ ತಗುಲಲಿಲ್ಲ, ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯೇ ಮಿಡಿಯುತ್ತಿತ್ತು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ತಂತಿ ಅದನ್ನು ಇಡೀ ದೇಶದ ಜೊತೆ ಹೊಲಿಯಿತು. ಅದರಿಂದ ಲಾಭವಿದೆ, ಕೊರತೆಯಾದಾಗ ಕರೆಂಟು ಬರುತ್ತದೆ. ಅಷ್ಟೇ ಸುಲಭವಾಗಿ ದೂರದ ಎಡವಟ್ಟೂ ಬರಬಹುದು.

ಹೆದರಬೇಡಿ, ಕೇಳಿ

ಇದನ್ನು ಓದಿ 'ಕೈಗಾ ಮುಚ್ಚಿ' ಎಂದು ಬೋರ್ಡು ಬರೆಯಲು ಹೊರಟವರು ಸ್ವಲ್ಪ ಕೂತುಕೊಳ್ಳಿ. ಒಂದು ತಂತಿ ಹರಿದರೆ ರಿಯಾಕ್ಟರ್ ಕರಗುವುದಿಲ್ಲ. ಒಂದಲ್ಲ ಎಂದು ಹಲವು ಮಾರ್ಗ, ಒಂದಲ್ಲ ಎಂದು ಹಲವು ಜನರೇಟರ್ ಇಟ್ಟೇ ಈ ಸ್ಥಾವರಗಳನ್ನು ಕಟ್ಟಿದ್ದಾರೆ. ಫುಕುಶಿಮಾದ ನಂತರ ನಮ್ಮ ಸ್ಥಾವರಗಳಲ್ಲೂ ಹೊರಗಿನಿಂದ ನೀರು ತುಂಬಿಸುವ ಜೋಡಣೆ, ಹೆಚ್ಚಿನ ಜನರೇಟರುಗಳ ಏರ್ಪಾಡು ಆಗಿದೆ. ಸುಳ್ಳು ಭಯ ಹಬ್ಬಿಸುವುದು ಹೋರಾಟವಲ್ಲ.

ಹಾಗೆಂದು 'ಎಲ್ಲ ಸುರಕ್ಷಿತ' ಎಂಬ ಎರಡು ಪದದ ಹೇಳಿಕೆಗೆ ತಲೆಯಾಡಿಸುವುದು ಜಾಣತನವೂ ಅಲ್ಲ. ಹಲವು ಮಾರ್ಗ ಇವೆ, ಸರಿ. ಅವು ಒಂದೇ ಗುಡ್ಡದ ಮೇಲೆ ಅಕ್ಕಪಕ್ಕ ಹೋಗುತ್ತವೆಯೇ, ಬೇರೆ ಬೇರೆ ದಾರಿ ಹಿಡಿಯುತ್ತವೆಯೇ? ಅಕ್ಕಪಕ್ಕ ಇದ್ದರೆ ಒಂದು ಕುಸಿತಕ್ಕೆ ಎರಡೂ ಹೋಗುತ್ತವೆ. ಹೊರಗಿನಿಂದ ಏನೂ ಬರದಿದ್ದರೆ ಡೀಸೆಲ್ ಎಷ್ಟು ದಿನಕ್ಕೆ ಸಾಕು? ಘಟ್ಟದ ರಸ್ತೆ ಶಿರೂರಿನ ಹಾಗೆ ಮುಚ್ಚಿದ ವಾರ ಟ್ಯಾಂಕರ್ ಯಾವ ದಾರಿಯಲ್ಲಿ ಬರುತ್ತದೆ? ಬ್ಯಾಟರಿ ಎಷ್ಟು ಗಂಟೆ? ಗೋಪುರಗಳ ಬುಡದ ಮಣ್ಣನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಆ ರಾತ್ರಿ ಜನಕ್ಕೆ ಹೇಳುವವರು ಯಾರು, ಯಾವ ಭಾಷೆಯಲ್ಲಿ? ಸ್ಥಾವರದ ಸುತ್ತ 16 ಕಿಲೋಮೀಟರನ್ನು ತುರ್ತು ಯೋಜನೆಯ ವಲಯ ಎನ್ನುತ್ತಾರೆ. ಅದರೊಳಗಿನ ಊರುಗಳಲ್ಲಿ ಕನ್ನಡ ಮಾತನಾಡುವವರಿದ್ದಾರೆ, ಕೊಂಕಣಿ ಮಾತನಾಡುವವರಿದ್ದಾರೆ. ಅಯೋಡಿನ್ ಮಾತ್ರೆ ಯಾವಾಗ ನುಂಗಬೇಕು, ಮನೆಯೊಳಗೇ ಇರಬೇಕೋ ಊರು ಬಿಡಬೇಕೋ, ಬಸ್ಸು ಎಲ್ಲಿ ನಿಲ್ಲುತ್ತದೆ, ಇದು ಆ ಮನೆಯ ಅಜ್ಜಿಗೆ ಅವಳ ಮಾತಿನಲ್ಲಿ ಮೊದಲೇ ಗೊತ್ತಿರಬೇಕು. ಮುಂಬಯಿಯ ಕಚೇರಿಯ ಇಂಗ್ಲಿಷ್ ವರದಿ ಆ ರಾತ್ರಿ ಅವಳ ಕೈ ಹಿಡಿಯುವುದಿಲ್ಲ. ಚೆರ್ನೋಬಿಲ್ಲಿನ ಪಕ್ಕದ ಪ್ರಿಪ್ಯಾತ್ ಊರಿನ ಜನರನ್ನು ಹೊರಡಿಸಲು ಸುಮಾರು ಒಂದೂವರೆ ದಿನ ಕಳೆಯಿತು. ಅಷ್ಟು ಹೊತ್ತೂ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರು. ಯಂತ್ರ ಕೆಟ್ಟದ್ದು ಒಂದು ಪಾಪ, ಬಾಯಿ ಮುಚ್ಚಿಕೊಂಡದ್ದು ಇನ್ನೊಂದು ಪಾಪ.

ಕೇಳಲು ನಿಮ್ಮ ಕೈಯಲ್ಲಿ ಆಯುಧವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಮು ಓದಿ. ಅರ್ಜಿಯನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು ಎಂದು ಅಲ್ಲಿದೆ. ಕಾರವಾರದ ಅಧಿಕೃತ ಭಾಷೆ ಯಾವುದು ಎಂದು ನಿಮಗೆ ಹೇಳಿಕೊಡಬೇಕೇ? ಅಣುವಿದ್ಯುತ್ ನಿಗಮಕ್ಕೆ, ಅಣುಶಕ್ತಿ ನಿಯಂತ್ರಣ ಮಂಡಳಿಗೆ, ಉತ್ತರ ಕನ್ನಡದ ಜಿಲ್ಲಾಧಿಕಾರಿಗೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಭದ್ರತೆಯ ಹೆಸರು ಹೇಳಿ ಕೆಲವಕ್ಕೆ ಉತ್ತರ ಕೊಡದಿರಬಹುದು. ಜನರೇಟರ್ ಯಾವ ಕೋಣೆಯಲ್ಲಿದೆ ಎಂದು ಕೇಳಬೇಡಿ, ಅದು ನಮಗೆ ಬೇಡ. ಅಣಕು ತುರ್ತು ಕಾರ್ಯಾಚರಣೆ ಕೊನೆಯ ಸಲ ಯಾವಾಗ ನಡೆಯಿತು, ಅದರಲ್ಲಿ ಕಂಡ ಕೊರತೆಗಳೇನು, ಸೂಚನಾ ಪತ್ರ ಯಾವ ಭಾಷೆಯಲ್ಲಿ ಎಷ್ಟು ಮನೆಗೆ ತಲುಪಿತು ಎಂದು ಕೇಳಿ. ಇದರಲ್ಲಿ ಯಾವ ದೇಶದ್ರೋಹವೂ ಇಲ್ಲ.

ಬೇಸಿಗೆಯಲ್ಲಿ ಅರ್ಧ ಗಂಟೆ ಕರೆಂಟು ಹೋದರೆ ನೀವು ಬೆಸ್ಕಾಂಗೆ ಫೋನು ಮಾಡಿ ಬೈಯುತ್ತೀರಿ. ಅದು ನಿಮ್ಮ ಹಕ್ಕು. ಆ ಕರೆಂಟಿನ ಇನ್ನೊಂದು ತುದಿಯಲ್ಲಿ, ಕಾಳಿಯ ದಡದಲ್ಲಿ, ತಂತಿ ಹರಿದ ದಿನ ನಿಮಗಿಂತ ಮೊದಲು ಕತ್ತಲಲ್ಲಿ ನಿಲ್ಲುವ ಜನರಿದ್ದಾರೆ. ಅವರ ಪರವಾಗಿ ಒಂದು ಹಾಳೆ, ಹತ್ತು ರೂಪಾಯಿಯ ಅರ್ಜಿ ಶುಲ್ಕ ಖರ್ಚು ಮಾಡಲು ಆಗುವುದಿಲ್ಲವೇ? ನಿಮ್ಮ ಕಾಲೇಜಿನಿಂದ ಹತ್ತು ಜನ ಸೇರಿ ಈ ತಿಂಗಳೇ ಬರೆಯಿರಿ. 30 ದಿನದಲ್ಲಿ ಉತ್ತರ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಬಂದ ಉತ್ತರವನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿ. ಬಾರದಿದ್ದರೆ ಬರಲಿಲ್ಲ ಎಂಬುದನ್ನೂ ಅಲ್ಲೇ ಅಂಟಿಸಿ.